ಬಿಸಿಲಿಗೆ ಸುಡದ, ಮಳೆಗೆ ಜಾರದ ಅಂಗಳ

ಮನೆ ಕಟ್ಟುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಮ್ಮದು ಸಾಗರ ತಾಲ್ಲೂಕಿನ ಹಳ್ಳಿಯ ಹಳೆಯ ಮನೆ. ಮುಂದೆ 40 ಅಡಿ ಉದ್ದ, 30 ಅಡಿ ಅಗಲದ ಮಣ್ಣಿನ ಅಂಗಳವಿದೆ. ಸಗಣಿ ಹಾಕಿ ಸಾರಿಸಲು ಈಗ ಮನೆಯಲ್ಲಿ ಜನವಿಲ್ಲ. ಮಳೆಗಾಲ ಬಂದರೆ ಕೆಸರಿನ ಮೇಲೆ ಅಡಿಕೆ ದಬ್ಬೆ ಹಾಸಿಕೊಂಡು ಓಡಾಡಬೇಕು. ಈ ಸಲ ಅಡಿಕೆ ಕೊನೆ ಕೊಯ್ಲಿಗೆ ಮುಂಚೆ ನೆಲಹಾಸು ಹಾಕಿಸಿಬಿಡೋಣವೆಂದು ತೀರ್ಮಾನಿಸಿದ್ದೇವೆ. ಮಗ ಇಂಟರ್‌ಲಾಕ್ (ಒಂದಕ್ಕೊಂದು ಹೊಂದಿಸಿ ಜೋಡಿಸುವ ಕಾಂಕ್ರೀಟಿನ ಬಿಲ್ಲೆ) ಸಾಕು ಎನ್ನುತ್ತಾನೆ. ಅದು ಬಿಸಿಲಿಗೆ ಕಾಯುತ್ತದೆ, ಕಲ್ಲಾದರೆ ತಂಪು ಎಂಬುದು ನಮ್ಮ ಯಜಮಾನರ ವಾದ. ಅತ್ತೆಯವರು ದಿನವೂ ಬರಿಗಾಲಿನಲ್ಲಿ ತುಳಸಿಕಟ್ಟೆ ಸುತ್ತುತ್ತಾರೆ. ಅಡಿಕೆ ಒಣಗಿಸುವ ಚಪ್ಪರ ಏಳುವುದೂ ಇದೇ ಅಂಗಳದಲ್ಲಿ. ಕಾರು ಬರುತ್ತದೆ, ವರ್ಷಕ್ಕೆ ಕೆಲವು ಸಲ ಗೊಬ್ಬರದ ಟ್ರ್ಯಾಕ್ಟರೂ ಬರುತ್ತದೆ. ನಾವು ಯಾವುದನ್ನು ಆರಿಸಿಕೊಳ್ಳಬೇಕು?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ನಿಮ್ಮ ಯಜಮಾನರ ಮಾತು ಜಗಲಿಯ ಕಲ್ಲಿನ ಮಟ್ಟಿಗೆ ನಿಜ, ಅಂಗಳದ ಕಲ್ಲಿನ ಮಟ್ಟಿಗೆ ಅಲ್ಲ. ಮಾಡಿನ ಕೆಳಗೆ ನೆರಳಿನಲ್ಲಿರುವ ಕಲ್ಲು ನಮ್ಮ ಮೈಯ ಬಿಸಿಯನ್ನು ಬೇಗ ಎಳೆದುಕೊಳ್ಳುವುದರಿಂದ ತಂಪೆನಿಸುತ್ತದೆ. ಬಯಲಿನಲ್ಲಿ ಬಿಸಿಲು ಕುಡಿದು ಕೂತ ಕಲ್ಲು ಎಂಥದೆಂದು ತಿಳಿಯಬೇಕಾದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಯಾವುದಾದರೂ ಹಳೆಯ ದೇವಸ್ಥಾನದ ಹೊರಪ್ರಾಕಾರದಲ್ಲಿ ಒಂದು ಪ್ರದಕ್ಷಿಣೆ ಹಾಕಿದರೆ ಸಾಕು. ಅಲ್ಲಿ ನಾರಿನ ಚಾಪೆ ಹಾಸುವುದಾಗಲಿ, ನಡೆಯುವ ದಾರಿಗೆ ಬಿಳಿ ಬಣ್ಣ ಬಳಿಯುವುದಾಗಲಿ ಅಲಂಕಾರಕ್ಕಲ್ಲ.

ಬಿಸಿಲಿನಲ್ಲಿರುವ ನೆಲ ಎಷ್ಟು ಕಾಯುತ್ತದೆ ಎಂಬುದನ್ನು ಮೊದಲು ತೀರ್ಮಾನಿಸುವುದು ಬಣ್ಣ. ಹೊಸದಾದ ಬೂದುಬಣ್ಣದ ಕಾಂಕ್ರೀಟು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಸುಮಾರು ಶೇ 35ರಿಂದ 40ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಧೂಳು, ಕೊಳೆ ಹಿಡಿದು ಹಳತಾದ ಮೇಲೆ ಅದು ಶೇ 20ರಿಂದ 30ಕ್ಕೆ ಇಳಿಯುತ್ತದೆ. ಹೊಸ ಡಾಂಬರು ಹಿಂದಕ್ಕೆ ಕಳಿಸುವುದು ಶೇ 5ರ ಆಸುಪಾಸು ಮಾತ್ರ. ಆದ್ದರಿಂದ ತಿಳಿಬೂದಿ ಬಣ್ಣದ ಗ್ರಾನೈಟು ಮತ್ತು ಬಣ್ಣ ಬೆರೆಸದ ಸಿಮೆಂಟ್ ಇಂಟರ್‌ಲಾಕ್ ಇವೆರಡೂ ಬಿಸಿಲಿನ ಲೆಕ್ಕದಲ್ಲಿ ಹತ್ತಿರದ ನೆಂಟರು. ಕಪ್ಪು ಗ್ರಾನೈಟು, ಕಡಪ ಕಲ್ಲು ಮತ್ತು ಗಾಢ ಕೆಂಪು ಅಥವಾ ಕಪ್ಪು ಇಂಟರ್‌ಲಾಕ್ ಇನ್ನೊಂದು ಕುಟುಂಬ. ಕಡುಬಣ್ಣದ ನೆಲ ನೇರ ಬಿಸಿಲಿನಲ್ಲಿ 60 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ನಮ್ಮ ಚರ್ಮಕ್ಕೆ ನೋವು ಶುರುವಾಗುವುದು 44–45 ಡಿಗ್ರಿಯ ಹೊತ್ತಿಗೆ. ನಾನೂ ಶಿವಮೊಗ್ಗದ ನಮ್ಮ ಮನೆಯ ಮುಂದೆ, ಚೆಂದ ಕಾಣುತ್ತದೆಂದು ಹಿಂದೊಮ್ಮೆ ಕಡಪ ಕಲ್ಲು ಹಾಕಿಸಿದ್ದೆ. ಮೊದಲ ಬೇಸಿಗೆಯಲ್ಲೇ ಗೇಟಿನವರೆಗೆ ಒದ್ದೆ ಗೋಣಿಚೀಲ ಹಾಸಿ ಪತ್ರಿಕೆ ತರಬೇಕಾಯಿತು. ಎರಡು ಮೂರು ವರ್ಷಕ್ಕೆ ಆ ಕಪ್ಪೂ ಮಾಸಿ, ಚೆಂದವೂ ಉಳಿಯಲಿಲ್ಲ.

ಬಣ್ಣ ಒಂದೇ ಆಗಿದ್ದರೆ ಕಲ್ಲಿಗೂ ಕಾಂಕ್ರೀಟಿಗೂ ವ್ಯತ್ಯಾಸವೇ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಆದರೆ ಅದು ಎರಡೂ ಕಡೆಗೆ ಎಳೆಯುವ ವ್ಯತ್ಯಾಸ. ಗ್ರಾನೈಟು ಕಾಂಕ್ರೀಟಿಗಿಂತ ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಪಟ್ಟು ವೇಗವಾಗಿ ಶಾಖವನ್ನು ಒಳಕ್ಕೆ ಸಾಗಿಸುತ್ತದೆ. ಹೀಗಾಗಿ ಮೇಲ್ಮೈಗೆ ಬಿದ್ದ ಬಿಸಿ ಅಡಿಗೆ ಇಳಿದು, ಮುಖ ಸ್ವಲ್ಪ ಕಡಿಮೆ ಕಾಯುತ್ತದೆ. ಆದರೆ ಅದೇ ಗುಣದಿಂದ, ನೀವು ಕಾಲಿಟ್ಟ ಕ್ಷಣ ಕಲ್ಲಿನೊಳಗಿನ ಬಿಸಿಯೂ ಅಷ್ಟೇ ವೇಗವಾಗಿ ಮೇಲೆ ಬಂದು ಅಂಗಾಲಿಗೆ ಹತ್ತುತ್ತದೆ. ಒಲೆಯ ಪಕ್ಕ ಇಟ್ಟ ಸೌಟಿನ ಹಿಡಿ ಮರದ್ದಾದರೆ ಹಿಡಿಯಬಹುದು, ಕಬ್ಬಿಣದ್ದಾದರೆ ಕೈ ಚುರ್ರೆನ್ನುತ್ತದಲ್ಲ, ಹಾಗೆ: ಒಂದೇ ಉಷ್ಣಾಂಶದಲ್ಲಿರುವ ಕಲ್ಲು ಮತ್ತು ಕಾಂಕ್ರೀಟಿನಲ್ಲಿ ಹೆಚ್ಚು ಚುರುಕು ಮುಟ್ಟಿಸುವುದು ಕಲ್ಲೇ. ಒಂದು ಲಾಭ, ಒಂದು ನಷ್ಟ. ಕೂಡಿ ಕಳೆದರೆ ಉಳಿಯುವುದು ಅಲ್ಪ. ರಾತ್ರಿಯ ಕಾವಿನ ವಿಷಯದಲ್ಲಂತೂ ಎರಡೂ ಅಣ್ಣತಮ್ಮಂದಿರು. ಒಂದೇ ದಪ್ಪದ ಕಲ್ಲು ಮತ್ತು ಕಾಂಕ್ರೀಟು ಹಗಲು ಹಿಡಿದಿಟ್ಟು ಸಂಜೆಯ ಮೇಲೆ ಬಿಡುವ ಬಿಸಿ ಹತ್ತಿರ ಹತ್ತಿರ ಒಂದೇ.

ಹಾಗಾಗಿ ಬಿಸಿಲಿನ ಪ್ರಶ್ನೆಯನ್ನು ‘ತಿಳಿಬಣ್ಣ, ಆದಷ್ಟು ನೆರಳು’ ಎಂಬಲ್ಲಿಗೆ ಮುಗಿಸಿಬಿಡಬಹುದು. ತೀರಾ ಬಿಳಿಯನ್ನೂ ಬಯಸಬೇಡಿ. ಅದು ಮಧ್ಯಾಹ್ನ ಕಣ್ಣಿಗೆ ಹೊಡೆಯುತ್ತದೆ, ಕೆಮ್ಮಣ್ಣಿನ ಊರಿನಲ್ಲಿ ಒಂದು ವಾರವೂ ಬಿಳಿಯಾಗಿ ಉಳಿಯುವುದಿಲ್ಲ. ಅನುಮಾನವಿದ್ದರೆ ಅಂಗಡಿಯಿಂದ ಎರಡೆರಡು ತುಂಡು ತಂದು, ಅಂಗಳದ ಮಣ್ಣಿನಲ್ಲೇ ಅರ್ಧ ಹೂತು, ಬೆಳಗಿನಿಂದ ಬಿಸಿಲಿಗೆ ಬಿಡಿ. ಮಧ್ಯಾಹ್ನ 2 ಗಂಟೆಗೊಮ್ಮೆ, ರಾತ್ರಿ 7 ಗಂಟೆಗೊಮ್ಮೆ ಅಂಗೈ ಊರಿ ನೋಡಿ, ಆಮೇಲೆ ಮಾತಾಡಿ. ನಿಮ್ಮ ಅತ್ತೆಯವರ ಅಂಗಾಲು ಈ ವಿಷಯದಲ್ಲಿ ನನಗಿಂತ ದೊಡ್ಡ ತಜ್ಞ.

ಈಗ ನೀವು ಕೇಳದೇ ಬಿಟ್ಟ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಸಾಗರದ ಕಡೆ ಅಂಗಳವನ್ನು ಕೆಡಿಸುವುದು ಬಿಸಿಲಿಗಿಂತ ಹೆಚ್ಚಾಗಿ ಮಳೆ. ನೆಲ ಸುಡುವುದು ವರ್ಷದಲ್ಲಿ ಎರಡು ಮೂರು ತಿಂಗಳು, ಅದೂ ಮಧ್ಯಾಹ್ನದ ಕೆಲವು ಗಂಟೆ. ಹಾವಸೆ ಕಟ್ಟಿ ಜಾರುವುದು ಜೂನ್‌ನಿಂದ ದೀಪಾವಳಿಯವರೆಗೆ, ಹಗಲೂ ರಾತ್ರಿ. ಬಿಸಿ ನೆಲದ ಮೇಲೆ ಕಾಲಿಟ್ಟವರು ಹೌಹಾರಿ ಹಿಂದೆ ಸರಿಯುತ್ತಾರೆ. ಜಾರುವ ನೆಲದ ಮೇಲೆ ಬಿದ್ದ ವಯಸ್ಸಾದವರು ಸೊಂಟ ಮುರಿದುಕೊಳ್ಳುತ್ತಾರೆ. ಆದ್ದರಿಂದ ಅಂಗಳಕ್ಕೆ ಹೊಳಪು ಬೇಡವೇ ಬೇಡ. ಪಾಲಿಶ್ ಮಾಡಿದ ಗ್ರಾನೈಟು ಮಳೆಯಲ್ಲಿ ಸಾಬೂನಿನಂತೆ ಜಾರುತ್ತದೆ. ಇಂಟರ್‌ಲಾಕಿನಲ್ಲೂ ರಬ್ಬರ್ ಅಚ್ಚಿನಲ್ಲಿ ಎರಕ ಹೊಯ್ದು ತೆಗೆದ, ಗಾಜಿನಂತೆ ಮಿನುಗುವ ಬಿಲ್ಲೆಗಳದ್ದು ಅದೇ ಕಥೆ. ಕಲ್ಲಾದರೆ ಉಳಿಯಿಂದ ಹೊಡೆದು ಒರಟು ಮಾಡಿದ್ದು, ಇಲ್ಲವೇ ಬೆಂಕಿಯ ಜ್ವಾಲೆ ಹಾಯಿಸಿದ ಫ್ಲೇಮ್ಡ್ ಫಿನಿಶ್ ಬೇಕು. ಇಂಟರ್‌ಲಾಕ್ ಆದರೆ ಯಂತ್ರದಲ್ಲಿ ಒತ್ತಿ ತೆಗೆದ, ಮುಟ್ಟಿದರೆ ಮರಳುಕಾಗದದಂತೆ ತರಿತರಿಯಾಗಿರುವ ಬಿಲ್ಲೆಯೇ ಆಗಬೇಕು. ಹಾವಸೆ ಕಟ್ಟುವುದರಲ್ಲಿ ಕಾಂಕ್ರೀಟು ಕಲ್ಲಿಗಿಂತ ಮುಂದು, ಏಕೆಂದರೆ ಅದು ನೀರು ಕುಡಿದು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಳ್ಳೆಯ ಗ್ರಾನೈಟು ಕುಡಿಯುವ ನೀರು ತನ್ನ ತೂಕದ ಶೇ ಅರ್ಧಕ್ಕಿಂತ ಕಡಿಮೆ. ಇಂಟರ್‌ಲಾಕಿಗೆ ಭಾರತೀಯ ಮಾನಕವಾದ ಐಎಸ್ 15658 ಸರಾಸರಿ ಶೇ 6ರ ಮಿತಿ ಹಾಕಿದೆ. ಹಳ್ಳಿಯಂಚಿನ ಶೆಡ್ಡುಗಳಲ್ಲಿ ತಯಾರಾಗುವ ಎಷ್ಟೋ ಬಿಲ್ಲೆಗಳು ಈ ಮಾನಕದ ಹೆಸರನ್ನೂ ಕೇಳಿರುವುದಿಲ್ಲ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. 60 ಮಿಲಿಮೀಟರ್ ದಪ್ಪದ ಒಂದು ಬಿಲ್ಲೆಯನ್ನು ನಾಲ್ಕೈದು ದಿನ ಚೆನ್ನಾಗಿ ಬಿಸಿಲಿಗೆ ಒಣಗಿಸಿ ತೂಗಿ. ಅದು ಸುಮಾರು ಮೂರೂವರೆ ಕಿಲೋ ಇರುತ್ತದೆ ಎಂದುಕೊಳ್ಳೋಣ. ಒಂದು ಇಡೀ ದಿನ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು, ಹೊರಗೆ ತೆಗೆದು, ಮೈ ಒರೆಸಿ ಮತ್ತೆ ತೂಗಿ. 210 ಗ್ರಾಂಗಿಂತ ಹೆಚ್ಚು ಏರಿದ್ದರೆ ಆ ಬಿಲ್ಲೆಯನ್ನು ಮಾರಿದವರಿಗೇ ವಾಪಸ್ ಕೊಡಿ. ಪ್ರಯೋಗಾಲಯದಲ್ಲಿ ಓವನ್‌ನಲ್ಲಿಟ್ಟು ಒಣಗಿಸುತ್ತಾರೆ, ಆದ್ದರಿಂದ ಮನೆಯ ಲೆಕ್ಕ ತುಸು ಹಿಂದೆಮುಂದೆ ಆಗುತ್ತದೆ. ಆದರೂ ಕೆಟ್ಟ ಮಾಲನ್ನು ಹಿಡಿಯಲು ಇಷ್ಟು ಸಾಕು. ಎರಡು ಬಿಲ್ಲೆಗಳನ್ನು ಒಂದಕ್ಕೊಂದು ತಟ್ಟಿದಾಗ ಖಣ್ ಎನ್ನಬೇಕು. ಡಬ್ ಎಂದರೆ ಒಳಗೆ ಗಟ್ಟಿಯಿಲ್ಲ. ಬಣ್ಣದ ಬಿಲ್ಲೆಯಾದರೆ ಒಂದನ್ನು ಒಡೆದೇ ನೋಡಿ: ಬಣ್ಣವಿರುವುದು ಮೇಲಿನ ಒಂದು ಪದರದಲ್ಲಿ ಮಾತ್ರ, ಆ ಪದರ ಕಾಗದದಷ್ಟು ತೆಳ್ಳಗಿದ್ದರೆ ಟ್ರ್ಯಾಕ್ಟರಿನ ಚಕ್ರ ಅದನ್ನು ಬೇಗನೆ ಸವೆಸಿ ಅಡಿಯ ಬೂದಿಬಣ್ಣವನ್ನು ಮೇಲೆ ತರುತ್ತದೆ.

ಅಡಿಕೆಯ ವಿಚಾರ. ಬೇಯಿಸಿದ ಅಡಿಕೆಯಿಂದ ಇಳಿಯುವ ಚೊಗರು ಕಾಂಕ್ರೀಟಿನೊಳಗೆ ಇಂಗಿ ಕೂತರೆ ಮತ್ತೆ ಹೋಗುವುದಿಲ್ಲ. ಅದಕ್ಕೆ ಕಬ್ಬಿಣ ತಾಗಿದರೆ ಕಲೆ ಶಾಯಿಯಂತೆ ಕಪ್ಪಾಗುತ್ತದೆ. ಗ್ರಾನೈಟಿನ ಮೇಲಾದರೆ ಅದೇ ದಿನ ತೊಳೆದರೆ ಬಹುಪಾಲು ಹೋಗುತ್ತದೆ. ಅಡಿಕೆ ಬೇಯಿಸುವ ಹಂಡೆಯ ಸುತ್ತಲಿನ ಜಾಗಕ್ಕೂ ಅಲ್ಲಿಂದ ಚಪ್ಪರಕ್ಕೆ ಹೋಗುವ ದಾರಿಗೂ ಕಲ್ಲನ್ನೇ ಹಾಕಿಸಿ ಎಂದು ನಾನು ಹೇಳುವುದು ಇದಕ್ಕೇ. ಆದರೆ ಒಲೆ ಉರಿಯುವ ಜಾಗಕ್ಕೆ ಗ್ರಾನೈಟು ಬೇಡ, ಅಲ್ಲಿ ಮಣ್ಣನ್ನೇ ಉಳಿಸಿಕೊಳ್ಳಿ; ಬೆಂಕಿಗೆ ಗ್ರಾನೈಟು ಸೀಳುತ್ತದೆ. ಚಪ್ಪರದ ಕಂಬದ ಗುಂಡಿಗಳನ್ನು ನೆಲಹಾಸು ಹಾಕುವ ಮೊದಲೇ ಗುರುತು ಮಾಡಿ, ಪ್ರತಿಯೊಂದಕ್ಕೂ ಕಂಬ ಸಲೀಸಾಗಿ ಇಳಿಯುವಷ್ಟು ಅಗಲದ ಪೈಪಿನ ತುಂಡನ್ನು ನೆಟ್ಟನೆ ಹೂತು, ಸುತ್ತ ಕಾಂಕ್ರೀಟು ಹಾಕಿಸಿ. ಪೈಪಿನ ತಳವನ್ನು ಮುಚ್ಚಬೇಡಿ. ಅಡಿಯಲ್ಲಿ ಎರಡು ಬುಟ್ಟಿ ಜೆಲ್ಲಿ ಸುರಿದರೆ ನೀರು ಇಂಗಿ ಹೋಗುತ್ತದೆ, ಕಂಬದ ಬುಡ ಕೊಳೆಯುವುದಿಲ್ಲ. ಚಪ್ಪರ ಇಳಿಸಿದ ಮೇಲೆ ಮುಚ್ಚಳ ಹಾಕುವುದನ್ನು ಮಾತ್ರ ಮರೆಯಬೇಡಿ, ಮಕ್ಕಳ ಕಾಲು ಸಿಕ್ಕಿಕೊಳ್ಳುತ್ತದೆ. ಈ ಒಂದು ಮುಂದಾಲೋಚನೆ ಇಲ್ಲದೆ ಇಂಟರ್‌ಲಾಕ್ ಹಾಕಿಸಿ, ಮರುವರ್ಷವೇ ಹಾರೆ ಹಿಡಿದು ಬಿಲ್ಲೆ ಕಿತ್ತವರನ್ನು ನಾನು ಒಬ್ಬಿಬ್ಬರಲ್ಲ, ಬಹಳ ಜನರನ್ನು ನೋಡಿದ್ದೇನೆ.

ಭಾರಕ್ಕೆ ಸಂಬಂಧಿಸಿ ಹೇಳುವುದಾದರೆ, ಜನ ಮಾತ್ರ ಓಡಾಡುವ ಕಡೆ 50 ಮಿ.ಮೀ., ಕಾರು ನಿಲ್ಲುವ ಕಡೆ 60 ಮಿ.ಮೀ. ಬಿಲ್ಲೆ ಸಾಕು, ಗೊಬ್ಬರ ತುಂಬಿದ ಟ್ರೇಲರ್ ತಿರುಗುವ ಜಾಗಕ್ಕೆ 80 ಮಿ.ಮೀ. ದಪ್ಪದ, ಎಂ-40 ಎಂಬ ಗಟ್ಟಿತನದ ದರ್ಜೆಯ ಬಿಲ್ಲೆಯನ್ನೇ ಕೇಳಿ ತೆಗೆದುಕೊಳ್ಳಿ. ಎರಡಂಗುಲದ ಗ್ರಾನೈಟು ಚಪ್ಪಡಿ ಅಡಿಯಲ್ಲಿ ಎಲ್ಲಿಯೂ ಪೊಳ್ಳಿಲ್ಲದೆ ಕೂತಿದ್ದರೆ ಕಾರನ್ನು ಹೊರುತ್ತದೆ. ಒಂದು ಮೂಲೆಯಡಿ ಪೊಳ್ಳಿದ್ದರೂ ಟ್ರ್ಯಾಕ್ಟರಿನ ಚಕ್ರ ಅದನ್ನು ಹಪ್ಪಳದಂತೆ ಮುರಿಯುತ್ತದೆ. ಇಂಟರ್‌ಲಾಕಿನ ದೊಡ್ಡ ಉಪಕಾರ ಇಲ್ಲಿದೆ: ಒಂದು ಬಿಲ್ಲೆ ಒಡೆದರೆ ಅದೊಂದನ್ನೇ ಕಿತ್ತು ಬದಲಿಸಬಹುದು, ನೀರಿನ ಪೈಪು ಹಾಕಲು ಸಾಲು ಕಿತ್ತು ಮತ್ತೆ ಜೋಡಿಸಬಹುದು. ಮೂರಡಿಗೆ ಎರಡಡಿಯ ಎರಡಂಗುಲದ ಗ್ರಾನೈಟು ಚಪ್ಪಡಿ 75 ಕಿಲೋ ತೂಗುತ್ತದೆ. ಅದನ್ನು ಎತ್ತಿ ಕೂರಿಸಲು ಇಬ್ಬರು ಗಟ್ಟಿ ಆಳುಗಳೂ ಕಲ್ಲಿನ ಕೆಲಸ ಬಲ್ಲ ಒಬ್ಬ ಮೇಸ್ತ್ರಿಯೂ ಬೇಕು. ಕಲ್ಲು ದುಬಾರಿಯೆನಿಸುವುದು ಕಲ್ಲಿನ ಬೆಲೆಗಿಂತ ಹೆಚ್ಚಾಗಿ ಈ ಕೂಲಿ ಮತ್ತು ಲಾರಿ ಬಾಡಿಗೆಯಿಂದ. ದರ ಕೇಳುವಾಗ ಮೂರನ್ನೂ ಕೂಡಿಸಿಯೇ ಕೇಳಿ.

ನನ್ನ ಅಭಿಪ್ರಾಯದಲ್ಲಿ ನಿಮ್ಮ ಅಂಗಳಕ್ಕೆ ಒಂದೇ ಸಾಮಾನು ಹಾಕುವುದು ತಪ್ಪು. ಹೆಬ್ಬಾಗಿಲಿನಿಂದ ತುಳಸಿಕಟ್ಟೆಯವರೆಗೆ, ಕಟ್ಟೆಯ ಸುತ್ತ ನಾಲ್ಕಡಿ, ಅಲ್ಲಿಂದ ಬಚ್ಚಲಿನ ಕಡೆಗೆ, ಹಂಡೆಯ ಜಾಗದಿಂದ ಚಪ್ಪರಕ್ಕೆ, ಅಂದರೆ ಬರಿಗಾಲು ನಡೆಯುವಲ್ಲೆಲ್ಲ ತಿಳಿಬೂದಿ ಬಣ್ಣದ ಒರಟು ಗ್ರಾನೈಟು ಹಾಕಿಸಿ. ಗೇಟಿನಿಂದ ಕೊಟ್ಟಿಗೆಯವರೆಗೆ ಚಕ್ರ ಹಾಯುವ ದಾರಿಗೆ ಬಣ್ಣವಿಲ್ಲದ 80 ಮಿ.ಮೀ. ಇಂಟರ್‌ಲಾಕ್ ಹಾಕಿಸಿ. ಬೇಲಿಯ ಕಡೆಯ ಆರೇಳು ಅಡಿ ಅಗಲದ ಪಟ್ಟಿಯನ್ನು ಮಣ್ಣಾಗಿಯೇ ಬಿಟ್ಟು, ಪಡುವಣ ಬಿಸಿಲನ್ನು ತಡೆಯುವಂತೆ ಒಂದು ಮರ ನೆಡಿ. ಬೇಸಿಗೆಯಲ್ಲಿ ಚಪ್ಪರವನ್ನು ಪೂರ್ತಿ ಬಿಚ್ಚದೆ, ತುಳಸಿಕಟ್ಟೆಗೆ ಬೆಳಕು ಬಿಟ್ಟು ಉಳಿದ ಒಂದು ಭಾಗಕ್ಕೆ ಸೋಗೆ ಹೊದಿಸಿಟ್ಟರೆ ಕಲ್ಲು–ಕಾಂಕ್ರೀಟಿನ ಜಗಳವೇ ಮುಗಿಯುತ್ತದೆ; ನೆರಳು ಮಾಡುವ ಉಪಕಾರವನ್ನು ಯಾವ ಕಲ್ಲೂ ಮಾಡದು. ಕಾಳುಮೆಣಸು ಒಣಗಿಸುವವರಿಗೆ ಮಾತ್ರ ಒಂದು ಮಾತು: ಅವರಿಗೆ ಕಾಯುವ ನೆಲವೇ ಬೇಕು, ಇಂಟರ್‌ಲಾಕ್ ಅದಕ್ಕೆ ಒಳ್ಳೆಯದು, ಆದರೆ ಸಂದಿನ ಮರಳು ಕಾಳಿನೊಡನೆ ಬೆರೆಯದಂತೆ ಟಾರ್ಪಾಲು ಹಾಸಲೇಬೇಕು.

ಇನ್ನು ನೆಲದಡಿಯ ಕೆಲಸ. ಮೇಲೆ ಏನೇ ಹಾಕಿ, ಅದು ಉಳಿಯುವುದು ಅಥವಾ ಕುಸಿಯುವುದು ಅಡಿಯಿಂದ. ಮೇಲಿನ ಸಡಿಲ ಮಣ್ಣನ್ನು ಹತ್ತು ಹನ್ನೊಂದು ಅಂಗುಲ ಅಗೆದು ತೆಗೆದು, ತಳಕ್ಕೆ ನೀರು ಹಾಕಿ ದಮ್ಮಸು ಮಾಡಿ, ಆರಂಗುಲ ಜೆಲ್ಲಿಯನ್ನು ಎರಡು ಪದರವಾಗಿ ಹರಡಿ ಪ್ರತಿ ಪದರವನ್ನೂ ಒತ್ತಿಸಬೇಕು. ಅದರ ಮೇಲೆ ಒಂದರಿಂದ ಒಂದೂವರೆ ಅಂಗುಲ ಮರಳು ಅಥವಾ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು), ಅದರ ಮೇಲೆ ಬಿಲ್ಲೆ. ಜಲ್ಲಿಪುಡಿ ಬೇಡ, ಅದು ಮಳೆಯಲ್ಲಿ ಕೆಸರಾಗಿ ಸಂದಿನಿಂದ ಮೇಲೆ ಬರುತ್ತದೆ. ಬಿಲ್ಲೆಗಳ ನಡುವೆ 2ರಿಂದ 4 ಮಿ.ಮೀ. ಸಂದು ಬಿಟ್ಟು ಒಣ ಮರಳು ತುಂಬಿ, ಮೇಲಿಂದ ಕಂಪನದ ಯಂತ್ರ ಓಡಿಸಿ, ಮತ್ತೆ ಮರಳು ಗುಡಿಸಬೇಕು. ಅಂಚಿಗೆ ಕಾಂಕ್ರೀಟಿನಲ್ಲಿ ಕೂರಿಸಿದ ಕರ್ಬ್ ಕಲ್ಲು ಇಲ್ಲದಿದ್ದರೆ ಇಡೀ ಹಾಸು ವರ್ಷದೊಳಗೆ ಹೊರಕ್ಕೆ ಜರುಗುತ್ತದೆ. ನೀರಿನ ಇಳಿಜಾರು 60ಕ್ಕೆ 1 ಎಂದಿಟ್ಟುಕೊಂಡರೆ 30 ಅಡಿ ಅಗಲಕ್ಕೆ ಆರು ಅಂಗುಲ ಇಳಿಯಬೇಕು. ಮೇಸ್ತ್ರಿ ಕಣ್ಣಳತೆಯಲ್ಲಿ ಹೇಳುವ ಇಳಿಜಾರನ್ನು ನಂಬದೆ, ನೀರು ತುಂಬಿದ ಟ್ಯೂಬ್ ಹಿಡಿದು ನೀವೇ ಎದುರಿಗೆ ನಿಂತು ನೋಡಿ, ಗೋಡೆಯ ಬುಡದಲ್ಲಿ ಮಟ್ಟವನ್ನು ಸೀಮೆಸುಣ್ಣದಿಂದ ಗುರುತಿಸಿ. ಹಳೆಯ ಮಣ್ಣಿನ ಗೋಡೆಯಾದರೆ ಹೊಸ ನೆಲ ಅದರ ಪಾಯದ ಕಲ್ಲಿಗಿಂತ ಮೇಲೇರಕೂಡದು. ಎರಚಲು ಮಣ್ಣಿನ ಗೋಡೆಗೆ ಬಡಿದರೆ ಅಂಗಳ ಉಳಿಸಲು ಹೋಗಿ ಮನೆ ಕಳೆದುಕೊಂಡಂತಾಗುತ್ತದೆ. ಈ ಕೆಲಸಕ್ಕೆ ಕೊಯ್ಲಿನ ಮುಂಚಿನ ಮಳೆ ಸರಿಯಾದ ಕಾಲವಲ್ಲ. ಒದ್ದೆ ಮಣ್ಣು ಒತ್ತಿದಷ್ಟೂ ಹಿಟ್ಟಿನಂತೆ ಜರುಗುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ಒಂದು ಕೊಯ್ಲು ಹಳೆಯ ಅಂಗಳದಲ್ಲೇ ಮುಗಿಸಿ, ಫೆಬ್ರುವರಿಯಲ್ಲಿ ಶುರುಮಾಡಿ.

ಪ್ರಶ್ನೆ: ಶಿವಮೊಗ್ಗ ನಗರದಲ್ಲಿ 30–40ರ ನಿವೇಶನದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮನೆಯ ಸುತ್ತ ಉಳಿಯುವ ಸುಮಾರು 300 ಚದರ ಅಡಿಗೆ ಮಣ್ಣು ಕಾಣದಂತೆ ಇಂಟರ್‌ಲಾಕ್ ಹಾಕಿಸಲು ಗುತ್ತಿಗೆದಾರರು ಹೇಳುತ್ತಿದ್ದಾರೆ. ಅಥವಾ ಶಹಾಬಾದ್ ಕಲ್ಲು ಅಗ್ಗ ಎನ್ನುತ್ತಾರೆ. ಸಲಹೆ ಬೇಕು.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ‘ಮಣ್ಣು ಕಾಣದಂತೆ’ ಎಂಬುದನ್ನು ಮೊದಲು ಬಿಡಿ. 300 ಚದರ ಅಡಿಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು 1,400 ಲೀಟರ್ ನೀರು. ಪೂರ್ತಿ ಮುಚ್ಚಿದರೆ ಅಷ್ಟೂ ಗೇಟಿನ ಮೂಲಕ ರಸ್ತೆಗೆ ಹೋಗುತ್ತದೆ, ಬೇಸಿಗೆಯಲ್ಲಿ ನೀವೇ ಟ್ಯಾಂಕರಿಗೆ ದುಡ್ಡು ಕೊಡುತ್ತೀರಿ. ಶಿವಮೊಗ್ಗದ ಬೇಸಿಗೆ ಸಾಗರ, ತೀರ್ಥಹಳ್ಳಿಗಳಂತಲ್ಲ. ಮಾರ್ಚ್ ಕಳೆಯುವಷ್ಟರಲ್ಲಿ ಬಿಸಿಲು ಬಯಲುಸೀಮೆಯದ್ದೇ ಆಗಿರುತ್ತದೆ, ಗೋಡೆಗೂ ಕಾಂಪೌಂಡಿಗೂ ನಡುವಿನ ಮೂರಡಿ ಓಣಿಯಲ್ಲಿ ಕಾದ ನೆಲದ ಬಿಸಿ ಸಂಜೆ ಕಿಟಕಿಯಿಂದ ನೇರ ಮಲಗುವ ಕೋಣೆಗೆ ಬರುತ್ತದೆ. ಆ ಓಣಿಗೆ ನೆಲಹಾಸಿನ ಅಗತ್ಯವೇ ಇಲ್ಲ. ಗೋಡೆಯ ಪಾಯಕ್ಕೆ ನೀರು ಇಳಿಯದಂತೆ ಒಂದೂವರೆ ಅಡಿ ಅಗಲದ ಗಟ್ಟಿ ನೆಲದ ಪಟ್ಟಿ ಮಾಡಿ, ಉಳಿದದ್ದರಲ್ಲಿ ಜೆಲ್ಲಿ ಹರಡಿ ಒಂದೊಂದು ಹೆಜ್ಜೆಗೆ ಒಂದೊಂದು ಚಪ್ಪಡಿ ಇಟ್ಟರೆ ಸಾಕು. ಕಾರು ನಿಲ್ಲುವ ಜಾಗಕ್ಕೆ ಎರಡು ಚಕ್ರದ ಪಟ್ಟಿಗಳಿಗೆ 60 ಮಿ.ಮೀ. ಬಿಲ್ಲೆ, ನಡುವೆ ಹುಲ್ಲು ಬೆಳೆಯುವ ತೂತಿನ ಬಿಲ್ಲೆ. ಹುಲ್ಲಿರುವ, ತೇವವಿರುವ ನೆಲ ನೀರನ್ನು ಆವಿಯಾಗಿಸುತ್ತಾ ತಾನೂ ತಣ್ಣಗಿರುತ್ತದೆ.

ಶಹಾಬಾದ್ ಕಲ್ಲು ಕಲಬುರಗಿ ಕಡೆಯದು, ಸುಣ್ಣದ ಕಲ್ಲಿನ ಜಾತಿ. ತಾಂಡೂರು, ಕೋಟಾ, ಕಡಪ ಇವೆಲ್ಲ ಅದೇ ಬಳಗ. ತಿಳಿಬಣ್ಣದ ಶಹಾಬಾದು ಬಿಸಿಲಿಗೆ ಕೆಟ್ಟದ್ದೇನಲ್ಲ, ಬಿಸಿಲಿನ ಸೀಮೆಯ ಮನೆಗಳು ಅದರ ಮೇಲೇ ನಿಂತಿವೆ. ಆದರೆ ಇದು ಹುಳಿಗೆ ಸೋಲುವ ಕಲ್ಲು. ಒಂದು ತುಂಡಿನ ಮೇಲೆ ನಿಂಬೆರಸ ಹಿಂಡಿ ನೋಡಿ, ಸಣ್ಣಗೆ ನೊರೆಯೆದ್ದು ಆ ಜಾಗ ಮಾಸುತ್ತದೆ. ಗ್ರಾನೈಟಿನ ಮೇಲೆ ಹಾಗಾಗುವುದಿಲ್ಲ. ಬಚ್ಚಲು ತೊಳೆಯುವ ಆಸಿಡ್ ಬಿದ್ದಲ್ಲಿ ಕುಳಿಯೇ ಬೀಳುತ್ತದೆ. ನಡೆದು ನಡೆದು ಸವೆದ ಮೇಲೆ ಮಳೆಯಲ್ಲಿ ಜಾರುತ್ತದೆ ಕೂಡ. ಬಟ್ಟೆ ಒಗೆಯುವ ಹಿತ್ತಿಲಿಗೆ ಇದನ್ನು ಹಾಕಿಸದಿರಿ.

ಹಾವಸೆಗೆ ಬ್ಲೀಚಿಂಗ್ ಪೌಡರ್ ಕದಡಿ ಸುರಿದು, ಅರ್ಧ ಗಂಟೆ ಬಿಟ್ಟು, ಕಡ್ಡಿಪೊರಕೆಯಲ್ಲಿ ತಿಕ್ಕುವುದೇ ಸರಿಯಾದ ಮದ್ದು. ಅದೇ ಜಾಗಕ್ಕೆ ಆಸಿಡ್ ಕೂಡ ಸುರಿಯಬೇಡಿ. ಎರಡೂ ಸೇರಿದರೆ ವಿಷಾನಿಲ ಏಳುತ್ತದೆ.

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಮ್ಮ ಮನೆಯಿಂದ ತೋಟಕ್ಕೆ ಇಳಿಯುವ ದಾರಿಗೆ, ಮನೆ ಕಟ್ಟಿ ಉಳಿದ ಜಂಬಿಟ್ಟಿಗೆಯನ್ನೇ ಹಾಸಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕಾಲುದಾರಿಗೆ ಧಾರಾಳವಾಗಿ ಹಾಸಬಹುದು, ಚಕ್ರದ ದಾರಿಗೆ ಬೇಡ. ಜಂಬಿಟ್ಟಿಗೆ ನೆಲದಿಂದ ಕಡಿದಾಗ ಮೆದುವಾಗಿದ್ದು ಗಾಳಿಗೆ ಬಿಟ್ಟಷ್ಟೂ ಗಟ್ಟಿಯಾಗುವ ಕಲ್ಲು. ಆದ್ದರಿಂದ ಒಂದು ಬೇಸಿಗೆ ಕಂಡ ಹಳೆಯ ಕಲ್ಲೇ ಒಳ್ಳೆಯದು. ಮೈತುಂಬ ತೂತು ಇರುವುದರಿಂದ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ, ತೇವವಿರುವಷ್ಟು ಕಾಲ ಕಾಲಿಗೆ ಹಿತ. ಅದೇ ಕಾರಣಕ್ಕೆ ಮಳೆಗಾಲದ ಹಾವಸೆಯೂ ಅದರ ಮೇಲೆ ಮೊದಲು ಬರುತ್ತದೆ. ಮರದ ನೆರಳು ದಟ್ಟವಾಗಿರುವ ತಿರುವಿನಲ್ಲಿ, ಇಳಿಜಾರು ಕಡಿದಾಗಿರುವಲ್ಲಿ ಅದನ್ನು ಬಿಟ್ಟು ಒರಟು ಗ್ರಾನೈಟಿನ ಮೆಟ್ಟಿಲು ಮಾಡಿ.

ನಿಮ್ಮ ತಾಲ್ಲೂಕಿನ ಕವಲೇದುರ್ಗಕ್ಕೆ ಹೋಗಿದ್ದೀರಾದರೆ ಕೋಟೆಯೊಳಗೆ ಏರುವ ಕಲ್ಲುಹಾಸಿನ ದಾರಿಯನ್ನು ನೋಡಿರುತ್ತೀರಿ. ಮುಂದಿನ ಸಲ ಹೋದಾಗ ಕಣ್ಣನ್ನು ದಿಡ್ಡಿಬಾಗಿಲಿನಿಂದ ಕೆಳಗಿಳಿಸಿ ನೆಲವನ್ನೇ ನೋಡುತ್ತಾ ಏರಿ. ಕೆಳದಿ ಅರಸರ ಕಾಲದಿಂದ ಮಲೆನಾಡಿನ ಮಳೆ ತಿಂದೂ ಆ ದಾರಿ ಉಳಿದಿರುವುದಕ್ಕೆ ಕಾರಣ ನುಣುಪಲ್ಲ. ಕಲ್ಲುಗಳು ಒರಟಾಗಿವೆ, ದಪ್ಪವಾಗಿವೆ, ನಡುವೆ ಸಂದಿದೆ. ನೀರಿಗೆ ಹೋಗಲು ದಾರಿಯಿದೆ. ನಿಮ್ಮ ತೋಟದ ದಾರಿಯಲ್ಲೂ ಸಂದಿಗೆ ಸಿಮೆಂಟು ಬಳಿಯಬೇಡಿ. ಗರಿಕೆ ಬೆಳೆದರೆ ಬೆಳೆಯಲಿ, ಮಣ್ಣನ್ನು ಹಿಡಿದಿಡುತ್ತದೆ.

ಪ್ರಶ್ನೆ: ಮನೆಯ ಮುಂದಿನ 30 ಅಡಿ ಉದ್ದದ ಜಾಗಕ್ಕೆ ಎರಡಡಿ ಚೌಕದ ಗ್ರಾನೈಟು ಕಲ್ಲುಗಳನ್ನು ಸಂದೇ ಇಲ್ಲದಂತೆ ಸಿಮೆಂಟಿನಲ್ಲಿ ಕೂರಿಸಿದ್ದರು. ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಢಬ್ಬೆಂದು ಸದ್ದಾಗಿ, ಎರಡು ಕಲ್ಲುಗಳು ಮಾಡಿನ ಹಾಗೆ ಎದ್ದು ನಿಂತವು. ಕಲ್ಲಿನ ದೋಷವೇ? ಕಾದ ಕಲ್ಲಿನ ಮೇಲೆ ಮಳೆ ಬಿದ್ದರೆ ಸೀಳುತ್ತದೆಂದೂ ಹೆದರಿಸುತ್ತಿದ್ದಾರೆ.
– ಓದುಗರೊಬ್ಬರು, ಭದ್ರಾವತಿ

ಉತ್ತರ: ದೋಷ ಕಲ್ಲಿನದಲ್ಲ, ಕೂರಿಸಿದವರದು. ಬೆಳಗ್ಗೆ 20 ಡಿಗ್ರಿಯಲ್ಲಿದ್ದ ಗ್ರಾನೈಟು ಮಧ್ಯಾಹ್ನ 55 ಡಿಗ್ರಿ ಮುಟ್ಟಿದರೆ 30 ಅಡಿಯ ಸಾಲು ಸುಮಾರು ಎರಡೂವರೆ ಮಿಲಿಮೀಟರ್ ಹಿಗ್ಗುತ್ತದೆ. ಇಷ್ಟೇ ತಾನೇ ಎನ್ನಿಸಬಹುದು. ಆದರೆ ಎರಡೂ ತುದಿಯಲ್ಲಿ ಗೋಡೆ ತಡೆದು, ಆ ಹಿಗ್ಗೆಲ್ಲ ಒಂದೇ ಜೋಡಿಯ ಮೇಲೆ ಬಂದು, ಎರಡಡಿಯ ಎರಡು ಕಲ್ಲುಗಳು ತಲೆಗೆ ತಲೆ ಕೊಟ್ಟು ಎದ್ದರೆ ಅದೇ ಎರಡೂವರೆ ಮಿಲಿಮೀಟರ್ ಒಂದೂವರೆ ಅಂಗುಲದ ಏರಾಗುತ್ತದೆ. ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ. ಕಾಂಕ್ರೀಟು ಇದಕ್ಕಿಂತ ತುಸು ಹೆಚ್ಚೇ ಹಿಗ್ಗುತ್ತದೆ, ಆದರೆ ಇಂಟರ್‌ಲಾಕಿನಲ್ಲಿ ಪ್ರತಿ ಸಂದಿನ ಮರಳೂ ಸ್ವಲ್ಪಸ್ವಲ್ಪ ಜಾಗ ಕೊಡುವುದರಿಂದ ಅಲ್ಲಿ ಈ ಸದ್ದು ಕೇಳಿಬರುವುದಿಲ್ಲ.

ಮಳೆಗೆ ಸೀಳುವ ಭಯ ಬೇಡ. ಹಿಂದೆ ಕ್ವಾರಿಗಳಲ್ಲಿ ಬಂಡೆಯ ಮೇಲೆ ಕಟ್ಟಿಗೆ ಉರಿಸಿ ಕಲ್ಲಿನ ಪದರ ಎಬ್ಬಿಸುತ್ತಿದ್ದರು. ಅದಕ್ಕೆ ಬೇಕಾದದ್ದು ಬೆಂಕಿಯ ಶಾಖ. ಗ್ರಾನೈಟಿನೊಳಗಿನ ಬೆಣಚಿನ ಹರಳು ಇದ್ದಕ್ಕಿದ್ದಂತೆ ಉಬ್ಬಿ ರೂಪ ಬದಲಿಸುವುದು 573 ಡಿಗ್ರಿಯಲ್ಲಿ. ಫ್ಲೇಮ್ಡ್ ಕಲ್ಲಿನ ಒರಟು ಬರುವುದೂ ಜ್ವಾಲೆಗೆ ಮೇಲಿನ ಹರಳುಗಳು ಸಿಡಿದೇಳುವುದರಿಂದಲೇ. ಭದ್ರಾವತಿಯ ಬಿಸಿಲು ಎಷ್ಟೇ ಕಟುವಾದರೂ ಅಂಗಳವನ್ನು ಅದರ ಹತ್ತಿರಕ್ಕೂ ಒಯ್ಯದು.

ಎದ್ದ ಎರಡು ಕಲ್ಲುಗಳನ್ನು ಹಾಗೆಯೇ ಒತ್ತಿ ಕೂರಿಸಿದರೆ ಮುಂದಿನ ಏಪ್ರಿಲ್‌ಗೆ ಮತ್ತೆ ಏಳುತ್ತವೆ. ಯಂತ್ರದಿಂದ ಪ್ರತಿ ಹತ್ತಡಿಗೊಂದು ಸಾಲನ್ನು, ಗೋಡೆ ಮುಟ್ಟುವ ಅಂಚನ್ನೂ ಸೇರಿಸಿ, 8ರಿಂದ 10 ಮಿ.ಮೀ. ಅಗಲಕ್ಕೆ ಕಲ್ಲಿನ ಪೂರ್ತಿ ದಪ್ಪದವರೆಗೆ ಕೊಯ್ಯಿಸಿ, ಆ ಸಂದಿಗೆ ರಬ್ಬರಿನಂತೆ ಎಳೆಯುವ ಸೀಲೆಂಟ್ ತುಂಬಿಸಿ. ಮೇಸ್ತ್ರಿ ಅದರ ಬದಲು ಬಿಳಿ ಸಿಮೆಂಟಿನ ಪುಡಿ ತಂದಿದ್ದರೆ ಗೇಟಿನಲ್ಲೇ ತಡೆಯಿರಿ.